ಸೂರತ್‌ನ ಎಲೈಜಾ ಯಾರ ಮಗಳು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರುವ ನಿಮಗೆ ಮೊದಲು ಒಂದು ಸಣ್ಣ ಪ್ರಶ್ನೆ. ನಿಮ್ಮ ಅಮ್ಮನ ಅಮ್ಮನ ಅಮ್ಮನ ಹೆಸರೇನು?

ತಡವರಿಸಿದ್ರಾ? ನಾನೂ ತಡವರಿಸಿದ್ದೆ. ಹೋದ ವರ್ಷ ಧಾರವಾಡದ ಹತ್ತಿರ ಇರುವ ನಮ್ಮೂರಿಗೆ ಹೆಳವರು ಬಂದಿದ್ದರು. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಊರೂರಿಗೆ ಬಂದು ಓದಿ ಹೇಳುವವರು ಅವರು. ನಮ್ಮ ಕಟ್ಟೆ ಮೇಲೆ ಕೂತು ಆ ಹಿರಿಯರು ನನ್ನ ಅಪ್ಪನ ಕಡೆಯ ಏಳು ತಲೆಮಾರು ಒಂದೇ ಉಸಿರಲ್ಲಿ ಓದಿದರು. ನಾನು ಕೇಳಿದೆ, "ಅಜ್ಜಾ, ಇವರ ಹೆಂಡಂದಿರ ಹೆಸರು?" ಅವರು ಪುಸ್ತಕ ಮುಚ್ಚುತ್ತಾ ಅಂದರು, "ಇಲ್ಲ ತಂಗಿ, ಹೆಣ್ಮಕ್ಕಳ ಹೆಸರು ಇದರಾಗ ಬರದಿಲ್ಲ."

ಆ ಮಾತು ತಲೆಯಲ್ಲಿ ಉಳಿದುಬಿಡ್ತು. ಕಾಗದ ಬರೆಯದೇ ಬಿಟ್ಟ ಹೆಂಗಸನ್ನು ಇನ್ನೂರು ವರ್ಷ ಆದಮೇಲೆ ಹುಡುಕೋಕಾಗುತ್ತಾ? ಇವತ್ತಿನ ಕಥೆ ಅಂಥ ಒಂದು ಹುಡುಕಾಟದ್ದು. ಶುರುವಾಗೋದು ಗುಜರಾತಿನ ಸೂರತ್‌ನಲ್ಲಿ, ಹೋಗಿ ನಿಲ್ಲೋದು ಬ್ರಿಟನ್ನಿನ ರಾಜಕುಮಾರ ವಿಲಿಯಂ ಹತ್ತಿರ.

1800ರ ನಂತರದ ವರ್ಷಗಳು. ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಬಂದರಾಗಿದ್ದ ಸೂರತ್ ಸೊರಗುತ್ತಿತ್ತು, ಬಾಂಬೆ ಬೆಳೀತಿತ್ತು. ಆದರೂ ಅಲ್ಲಿ ಪಾರ್ಸಿಗಳು, ಬೋಹ್ರಾಗಳು, ಜೈನ ವರ್ತಕರು, ಅರ್ಮೇನಿಯನ್ನರು ಎಲ್ಲ ಇದ್ದರು. ಅರ್ಮೇನಿಯನ್ ವ್ಯಾಪಾರಿಗಳಂತೂ ಇಂಗ್ಲಿಷರಿಗಿಂತ ಮೊದಲೇ ಭಾರತದಲ್ಲಿ ಬೇರು ಬಿಟ್ಟವರು. ಸೂರತ್‌ನಲ್ಲಿ ಅವರ ಹಳೇ ಸ್ಮಶಾನ ಈಗಲೂ ಇದೆ.

ಇದೇ ಊರಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಿಂದ ಥಿಯೊಡೋರ್ ಫೋರ್ಬ್ಸ್ ಎಂಬ ಯುವಕ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಬಂದ. ಎಲೈಜಾ ಕೆವಾರ್ಕ್ ಎಂಬಾಕೆಯ ಜೊತೆ ಸಂಸಾರ ಹೂಡಿದ. 1812ರಲ್ಲಿ ಅವರಿಗೆ ಕ್ಯಾಥರೀನ್ ಹುಟ್ಟಿದಳು. ಮನೆಯಲ್ಲಿ ಅವಳು ಕಿಟ್ಟಿ. ಆಮೇಲೆ ಗಂಡುಮಕ್ಕಳೂ ಆದರು.

ಫೋರ್ಬ್ಸ್ ಮುಂದೆ ವ್ಯಾಪಾರಕ್ಕೆ ಅಂತ ಬಾಂಬೆಗೆ ಹೋದ. ಎಲೈಜಾ ಸೂರತ್‌ನಲ್ಲೇ ಉಳಿದಳು. ಕಿಟ್ಟಿಯನ್ನು ಚಿಕ್ಕ ವಯಸ್ಸಲ್ಲೇ ಹಡಗು ಹತ್ತಿಸಿ ಸ್ಕಾಟ್ಲೆಂಡಿಗೆ, ಅಪ್ಪನ ಮನೆಯವರ ಹತ್ತಿರ ಕಳಿಸಿಬಿಟ್ಟರು. ಆಗ ಹಡಗು ಆಫ್ರಿಕಾವನ್ನು ಸುತ್ತಿಕೊಂಡು ಹೋಗಬೇಕಿತ್ತು. ತಿಂಗಳುಗಟ್ಟಲೆ ಪ್ರಯಾಣ. 1820ರಲ್ಲಿ ಫೋರ್ಬ್ಸ್ ಕೂಡ ಊರಿಗೆ ಹೊರಟ. ದಾರಿಯಲ್ಲಿ, ಸಮುದ್ರದ ಮೇಲೇ ತೀರಿಕೊಂಡ.

ಈಗ ಆತನ ವಿಲ್ ನೋಡಿ. ತನ್ನ ಮಕ್ಕಳ ತಾಯಿಯನ್ನು ಅದರಲ್ಲಿ ಕರೆದಿರೋದು ಹೇಗೆ ಗೊತ್ತಾ? 'ಹೌಸ್‌ಕೀಪರ್'. ಮನೆ ನೋಡಿಕೊಳ್ಳುವವಳು, ಅಷ್ಟೇ. ಮಗಳು ಕಿಟ್ಟಿಗೆ ಸಿಕ್ಕ ಪದವೂ ಕಾನೂನಿನದ್ದೇ: ಮದುವೆಯ ಹೊರಗೆ ಹುಟ್ಟಿದವಳು ಎನ್ನಲಾದ ಮಗಳು.

ಇದು ಫೋರ್ಬ್ಸ್ ಒಬ್ಬನ ಕಥೆ ಅಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಂಪನಿಯ ಎಷ್ಟೋ ಬಿಳಿಯರಿಗೆ ಭಾರತದಲ್ಲಿ 'ಬೀಬಿ' ಇದ್ದಳು, ಅವರ ವಿಲ್‌ಗಳಲ್ಲಿ ಅವಳ ಪಾಲೂ ಇತ್ತು. ಹತ್ತೊಂಬತ್ತನೇ ಶತಮಾನ ಮುಂದೆ ಹೋದಹಾಗೆ ಅವಳು ವಿಲ್‌ಗಳಿಂದ ಮಾಯವಾಗುತ್ತಾ ಹೋಗ್ತಾಳೆ. ವಿಲಿಯಂ ಡಾಲ್ರಿಂಪಲ್ ಅವರ 'ವೈಟ್ ಮುಘಲ್ಸ್' ಪುಸ್ತಕ ಹೇಳೋದು ಇದೇ ಬದಲಾವಣೆಯ ಕಥೆಯನ್ನು. ಇದ್ದ ಹೆಂಗಸೇ ಕಾಗದದಲ್ಲಿ ಹೆಸರಿಲ್ಲದವಳಾದಳು. ಹೆಸರಿದ್ದರೂ, ಯಾರ ಮಗಳು, ಯಾವ ಊರು ಅನ್ನೋದು ಇರಲಿಲ್ಲ.

ಕಿಟ್ಟಿ ಸ್ಕಾಟ್ಲೆಂಡಿನಲ್ಲೇ ಬೆಳೆದು, ಜೇಮ್ಸ್ ಕ್ರೊಂಬಿ ಎಂಬಾತನನ್ನು ಮದುವೆಯಾದಳು. ಅವಳ ಮಗಳು ಜೇನ್. ಜೇನ್ ಮಗಳು ರೂತ್ ಲಿಟಲ್‌ಜಾನ್. ಆಕೆಯ ಮಗಳೂ ರೂತ್, ಮುಂದೆ ಲೇಡಿ ಫರ್ಮಾಯ್ ಆದವರು. ಅವರ ಮಗಳು ಫ್ರಾನ್ಸಿಸ್. ಫ್ರಾನ್ಸಿಸ್ ಮಗಳು ಡಯಾನಾ. ಡಯಾನಾ ಮಗ ವಿಲಿಯಂ. ಎಲೈಜಾಳಿಂದ ಡಯಾನಾವರೆಗೆ ಬರೀ ಹೆಣ್ಣುಮಕ್ಕಳ ಸಾಲು ಇದು, ಎಲ್ಲೂ ಕಡಿದಿಲ್ಲ.

ಎಲೈಜಾ ಅರ್ಮೇನಿಯನ್ ಅಂತ ಬಹಳ ಕಾಲ ಹೇಳ್ತಾ ಬಂದಿದ್ದರು. ಅದಕ್ಕೆ ಆಧಾರವೂ ಇತ್ತು. ಕೆವಾರ್ಕ್ ಅನ್ನೋದು 'ಕೆವೋರ್ಕ್' ಎಂಬ ಅರ್ಮೇನಿಯನ್ ಹೆಸರನ್ನು ಹೋಲುತ್ತೆ. ನಮ್ಮಲ್ಲಿ ಜಾರ್ಜ್ ಅಂತೀವಲ್ಲ, ಅದೇ ಹೆಸರು. ಅವಳ ಪತ್ರಗಳಲ್ಲಿ ಅರ್ಮೇನಿಯನ್ ಲಿಪಿಯೂ ಇದೆ. ಜೊತೆಗೆ, ವಿಕ್ಟೋರಿಯಾ ಕಾಲದ ಸ್ಕಾಟ್ಲೆಂಡಿನಲ್ಲಿ 'ನಮ್ಮಜ್ಜಿ ಅರ್ಮೇನಿಯನ್ ಕ್ರೈಸ್ತಳು' ಅನ್ನೋದು 'ನಮ್ಮಜ್ಜಿ ಭಾರತದವಳು' ಅನ್ನೋದಕ್ಕಿಂತ ಸುಲಭವಾಗಿತ್ತು ಅಂತ ನನಗನ್ನಿಸುತ್ತೆ.

2013ರ ಜೂನ್‌ನಲ್ಲಿ ಕಥೆಗೆ ತಿರುವು ಸಿಕ್ತು. ಬ್ರಿಟನ್ನಿನ ಒಂದು ಖಾಸಗಿ ಡಿಎನ್‌ಎ ಕಂಪನಿ, ಎಲೈಜಾಳ ಹೆಣ್ಣುಸಾಲಿನಲ್ಲಿ ಬಂದ ಇಬ್ಬರು ಸಂಬಂಧಿಕರ ಎಂಜಲಿನ ಮಾದರಿ ಪರೀಕ್ಷೆ ಮಾಡಿ, ಅವಳ ತಾಯಿಯ ಸಾಲು ಭಾರತದ್ದು ಅಂತ ಘೋಷಿಸಿತು.

ಹೇಗೆ ಗೊತ್ತಾಯ್ತು? ಇಲ್ಲಿ ಒಂದು ನಿಮಿಷ ನಿಲ್ಲೋಣ. ಉಡುಪಿಯ ನನ್ನ ಗೆಳತಿಗೆ ಇದನ್ನು ವಿವರಿಸಲು ಹೋದಾಗ ಅವಳು, "ಅಯ್ಯೋ, ಇದು ನಮ್ಮ ಬಳಿ ಅಲ್ವಾ!" ಅಂದಳು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳಿಗೆ ಬರೋದು ತಾಯಿಯ ಬಳಿ. ಮಗನಿಗೂ ತಾಯಿಯ ಬಳಿಯೇ, ಆದರೆ ಅವನು ಅದನ್ನು ತನ್ನ ಮಕ್ಕಳಿಗೆ ದಾಟಿಸಲಾರ. ಮೈಟೊಕಾಂಡ್ರಿಯಾದ ಡಿಎನ್‌ಎ ಕೂಡ ಥೇಟ್ ಹೀಗೇ. ತಾಯಿಯಿಂದ ಮಕ್ಕಳಿಗೆ ಬರುತ್ತೆ, ಅಪ್ಪನದು ಅದರಲ್ಲಿ ಬೆರೆಯಲ್ಲ. ಸಾವಿರಾರು ವರ್ಷಗಳಲ್ಲಿ ಅಲ್ಲಲ್ಲಿ ಆಗುವ ಸಣ್ಣ ಬದಲಾವಣೆಗಳೇ ಅದರ ಗುರುತು. ಎಲೈಜಾಳ ಸಾಲಿನ ಗುರುತಿನ ಹೆಸರು ಆರ್30ಬಿ. ಅಪರೂಪದ್ದು. ಅಲ್ಲಿವರೆಗೆ ದಾಖಲಾಗಿದ್ದ ಬೇರೆ ಉದಾಹರಣೆಗಳು ಬರೀ 14. ಅದರಲ್ಲಿ 13 ಭಾರತದ್ದು, ಒಂದು ನೇಪಾಳದ್ದು.

ಮರುದಿನದ ಸುದ್ದಿ ನೀವೇ ಊಹಿಸಬಹುದು. 'ರಾಜಕುಮಾರನ ಮೈಯಲ್ಲಿ ಭಾರತದ ರಕ್ತ!' ನಮ್ಮಲ್ಲೂ ಖುಷಿಯೋ ಖುಷಿ. ಆದರೆ ಆ ಖುಷಿಯಲ್ಲಿ ಮೂರು ವಿಷಯ ಮರೆತೇಹೋಯ್ತು.

ಮೊದಲನೆಯದು ಲೆಕ್ಕ. ವಿಲಿಯಂನಿಂದ ಏಳು ತಲೆಮಾರು ಹಿಂದಕ್ಕೆ ಹೋದರೆ ಆ ಸಾಲಿನಲ್ಲಿ 128 ಪೂರ್ವಜರು. ಎಲೈಜಾ ಅವರಲ್ಲಿ ಒಬ್ಬಳು. ಸರಾಸರಿ ಲೆಕ್ಕದಲ್ಲಿ ಅವಳ ಪಾಲು ನೂರಕ್ಕೆ ಒಂದೂ ಇಲ್ಲ. ಇನ್ನು ಆರ್30ಬಿ ಗುರುತು ವಿಲಿಯಂ, ಹ್ಯಾರಿ ಹತ್ತಿರವೇ ನಿಂತುಹೋಗುತ್ತೆ. ಅವರ ಮಕ್ಕಳಿಗೆ ಬಂದಿರೋದು ಅವರವರ ತಾಯಂದಿರ ಸಾಲು.

ಎರಡನೆಯದು ಒಪ್ಪಿಗೆ. ವಿಲಿಯಂ ಪರೀಕ್ಷೆ ಮಾಡಿಸಿಕೊಂಡಿರಲೇ ಇಲ್ಲ. ಯಾರೋ ಸಂಬಂಧಿಕರು ಕೊಟ್ಟ ಮಾದರಿಯಿಂದ ಅವನ ಬಗ್ಗೆ ಜಗತ್ತಿಗೇ ಗೊತ್ತಾಯ್ತು. ನೀವು ನಾಳೆ ಇಂಥ ಕಿಟ್ ತರಿಸಿ ಟ್ಯೂಬಿಗೆ ಉಗಿದರೆ, ನಿಮ್ಮ ಅಕ್ಕನ, ಚಿಕ್ಕಮ್ಮನ, ಇನ್ನೂ ಹುಟ್ಟದ ಮಕ್ಕಳ ವಿಷಯವನ್ನೂ ಕೊಟ್ಟಹಾಗೆ. ಆರ್ಡರ್ ಮಾಡೋ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 'ಅರ್ಮೇನಿಯನ್ ಅಲ್ಲ, ಭಾರತದವಳು' ಅಂತ ಸುದ್ದಿ ಓಡ್ತು. ಆದರೆ ಪರೀಕ್ಷೆ ಅಷ್ಟು ಹೇಳಲ್ಲ. ಅದು ನೋಡಿದ್ದು ಅವಳ ತಾಯಿ, ತಾಯಿಯ ತಾಯಿ, ಆಕೆಯ ತಾಯಿ ಇರುವ ಒಂದೇ ಒಂದು ಎಳೆಯನ್ನು. ಎಲೈಜಾಳ ಅಪ್ಪ ಅಪ್ಪಟ ಅರ್ಮೇನಿಯನ್ ಆಗಿದ್ದರೂ ಫಲಿತಾಂಶ ಇದೇ ಬರುತ್ತಿತ್ತು. ಅವಳು ಯಾವ ಭಾಷೆಯಲ್ಲಿ ಮಗಳಿಗೆ ಜೋಗುಳ ಹಾಡಿದಳು, ಯಾವ ದೇವರಿಗೆ ಕೈಮುಗಿದಳು ಅನ್ನೋದು ಡಿಎನ್‌ಎಯಲ್ಲಿ ಬರೆದಿರಲ್ಲ. ಅವಳ ಪತ್ರದ ಅರ್ಮೇನಿಯನ್ ಅಕ್ಷರಗಳು ನಿಜ. ಆರ್30ಬಿ ಕೂಡ ನಿಜ. ಎರಡರಲ್ಲಿ ಒಂದನ್ನು ಸುಳ್ಳು ಮಾಡೋ ಅಗತ್ಯ ಇಲ್ಲ. ಬಂದರಿನ ಊರಲ್ಲಿ ಜನ ಎರಡೂ ಆಗಿರುತ್ತಿದ್ದರು.

ವಿಲ್ ಬರೆದವನು ಅವಳನ್ನು 'ಹೌಸ್‌ಕೀಪರ್' ಅಂದ. ವಂಶದವರು 'ಅರ್ಮೇನಿಯನ್' ಅಂದರು. ಪತ್ರಿಕೆಗಳು 'ಭಾರತದ ರಕ್ತ' ಅಂದವು. ಪ್ರತಿಯೊಬ್ಬರೂ ಅವಳಿಗೆ ತಮಗೆ ಬೇಕಾದ ಲೇಬಲ್ ಹಚ್ಚಿದರು. ಮಗಳನ್ನು ಹಡಗಿಗೆ ಹತ್ತಿಸಿದ ತಾಯಿ ಅಂತ ಮಾತ್ರ ಯಾರೂ ದಪ್ಪಕ್ಷರದಲ್ಲಿ ಬರೆಯಲಿಲ್ಲ.

ಹೆಳವರ ಅಜ್ಜ ಹೋದಮೇಲೆ ನಾನು ಅವ್ವನ ಹತ್ತಿರ ಕೂತು ಫೋನಿನ ರೆಕಾರ್ಡರ್ ಆನ್ ಮಾಡಿದೆ. ಅವ್ವ ತನ್ನ ಅವ್ವನ ಹೆಸರು ಹೇಳಿದಳು, ಅವಳ ಅವ್ವನದೂ ಹೇಳಿದಳು. ಅದರ ಹಿಂದಿನದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲವ್ವಾ, ಯಾರೂ ಕೇಳೇ ಇಲ್ಲ" ಅಂದಳು. ಮೂರು ತಲೆಮಾರಿಗೆ ನಮ್ಮ ಪುಸ್ತಕ ಮುಗೀತು. ರಾಜಮನೆತನದ್ದು ಎಂಟು ತಲೆಮಾರು ಹೋಗಿದೆ, ಯಾಕಂದ್ರೆ ಅಲ್ಲಿ ಯಾರೋ ಕಾಗದ ಕಾಪಾಡಿದರು.

ಕಿಟ್‌ಗೆ ದುಡ್ಡು ಬೇಕು. ಈ ಕೆಲಸಕ್ಕೆ ಫೋನ್ ಸಾಕು. ಇವತ್ತು ರಾತ್ರಿ ಮನೆಗೆ ಕಾಲ್ ಮಾಡಿ, ಹೆಸರು ಕೇಳಿ, ರೆಕಾರ್ಡ್ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.