ಕೇರಿಗೆ ಮರಳಿದ ದಿತ್ತ: ಕರುಣೆಯ ಇನ್ನೊಂದು ಚರಿತ್ರೆ

ಮಿಷನರಿಗಳ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯ ಚರಿತ್ರೆಗೆ ನೆನಪಾಗುವುದು ಕಿಟ್ಟೆಲ್ ನಿಘಂಟು, 1843ರ ‘ಮಂಗಳೂರ ಸಮಾಚಾರ’, ಬಾಸೆಲ್ ಮಿಷನ್ನಿನ ಅಚ್ಚುಕೂಟ, ಹಂಚಿನ ಕಾರ್ಖಾನೆ. ಬಯ್ಯುವವರಿಗೆ ನೆನಪಾಗುವುದು ಒಂದೇ: ಅನ್ನ ಕೊಟ್ಟು ಜಾತಿ ಕೆಡಿಸಿದರು. ಹೊಗಳುವವರ, ಬಯ್ಯುವವರ ಕಥನ ಮಾತ್ರ ಒಂದೇ ಥರದ್ದು. ಕೊಡುವವನು ಮಿಷನರಿ, ಕೈಯೊಡ್ಡುವವನು ಅಸ್ಪೃಶ್ಯ. ಆ ಅಸ್ಪೃಶ್ಯ ತಾನೇ ಯೋಚಿಸಿ ತನ್ನ ಬದುಕಿಗೊಂದು ದಾರಿ ಹುಡುಕಿಕೊಂಡಿರಬಹುದು ಅನ್ನುವುದು ಇಬ್ಬರ ಲೆಕ್ಕದಲ್ಲೂ ಇಲ್ಲ.

ಇದನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, “ಸಾರ್, ಕರುಣೆ ತೋರಿಸ್ಕೊಳ್ಳೋದೇ ಒಂಥರಾ ಅವಮಾನ ಅಲ್ವಾ? ಇನ್ನು ಸೇವೆ ಅಂತೀರಲ್ಲ, ನಮ್ಮ ತಾತ ಊರಗೌಡನ ಮನೇಲಿ ಮಾಡಿದ್ದೂ ಸೇವೇನೇ” ಅಂದ. ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಅವನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ಅದಕ್ಕಾಗಿ ನಮ್ಮ ಸೀಮೆಯಿಂದ ಬಹುದೂರದ ಪಂಜಾಬಿಗೆ ಹೋಗಬೇಕಾಗಿದೆ.

ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ 1855ರಲ್ಲಿ ಸಿಯಾಲ್‌ಕೋಟಿಗೆ ಬಂತು. ಮೇಲ್ಜಾತಿಯ ನಾಲ್ಕು ಜನ ಓದುಬರಹದವರು ಬಂದರೆ ಉಳಿದವರು ತಾವಾಗಿ ಹಿಂದೆ ಬರುತ್ತಾರೆ ಅನ್ನುವುದು ಆ ಕಾಲದ ಮಿಷನ್ನುಗಳ ನಂಬಿಕೆ. ಸುಮಾರು ಹದಿನೆಂಟು ವರ್ಷ ದುಡಿದರೂ ಫಲ ಅಷ್ಟಕ್ಕಷ್ಟೆ. ನಟ್ಟು ಅನ್ನುವ ಜಾಟನೊಬ್ಬ ಕ್ರೈಸ್ತನಾದ. ಅವನ ಮೇಲೆ ಇಟ್ಟುಕೊಂಡಿದ್ದ ನಿರೀಕ್ಷೆಯೂ ಹುಸಿಯಾಯಿತು. ಆದರೆ ಅವನ ಮೂಲಕ ವಿಷಯ ತಿಳಿದು, 1873ರ ಜೂನ್‌ನಲ್ಲಿ ಅವನ ಜೊತೆ ಸಿಯಾಲ್‌ಕೋಟಿಗೆ ಬಂದವನು ದಿತ್ತ. ಚೂಹ್ರ ಜಾತಿಯವನು. ಕಸ ಗುಡಿಸುವುದು, ಸೆಗಣಿ ಹೊರುವುದು, ಸತ್ತ ದನ ಎಳೆಯುವುದು, ಜಾಟರ ಹೊಲದಲ್ಲಿ ಗೇಯುವುದು ಆ ಜಾತಿಗೆ ಊರು ಗೊತ್ತುಮಾಡಿದ್ದ ಕೆಲಸ. ದಿತ್ತ ಚರ್ಮ ಕೊಂಡು ಮಾರಿ ಬದುಕುತ್ತಿದ್ದ.

ಮಿಷನ್ನಿನ ಚರಿತ್ರೆ ಬರೆದ ಆಂಡ್ರ್ಯೂ ಗಾರ್ಡನ್‌ಗೆ ಅವನಲ್ಲಿ ಮೊದಲು ಕಂಡದ್ದು ಕಪ್ಪು ಮೈ, ಕುಂಟು ಕಾಲು, ಸಣ್ಣ ಆಳ್ತನ. ನಮ್ಮ ಹಿರಿಯರು ಯಾವ ಆಕರದಲ್ಲಿ ಸಿಕ್ಕರೂ ಮೊದಲು ಹೀಗೇ ಸಿಗುತ್ತಾರೆ. ಆದರೆ ಅದೇ ಪುಸ್ತಕ, ತನಗೆ ಅರಿವಿಲ್ಲದೆಯೇ ಏನೋ, ಬೇರೊಂದು ವಿಷಯವನ್ನೂ ಹೇಳುತ್ತದೆ. ಪಾದ್ರಿ ಸ್ಯಾಮ್ಯುಯಲ್ ಮಾರ್ಟಿನ್ ದಿತ್ತನಿಗೆ ಬ್ಯಾಪ್ಟಿಸಂ ಕೊಡಲು ಹಿಂದೆಮುಂದೆ ನೋಡಿದ. ಇಷ್ಟು ಬೇಗ ಕೊಟ್ಟು ದೂರದ ಹಳ್ಳಿಗೆ ಒಂಟಿಯಾಗಿ ಕಳಿಸುವುದು ಹೇಗೆ ಅನ್ನುವುದು ಅವನ ಅನುಮಾನ. ಬೇಡ ಅನ್ನಲು ಧರ್ಮಗ್ರಂಥದಲ್ಲಿ ಕಾರಣ ಸಿಗದೆ ಕೊಟ್ಟ. ಕೊಟ್ಟ ಮೇಲೆ ದಿತ್ತ, ನಾನಿನ್ನು ಊರಿಗೆ ಹೋಗುತ್ತೇನೆ ಅಂದ. ಮಾರ್ಟಿನ್‌ಗೆ ಆಶ್ಚರ್ಯವಾಯಿತು. ಮಿಷನ್ನಿನ ನೆರಳಲ್ಲಿ ಉಳಿಯದ ಕ್ರೈಸ್ತನೊಬ್ಬ ಅವರ ಕಲ್ಪನೆಯಲ್ಲಿ ಇರಲಿಲ್ಲ.

ದಿತ್ತ ತನ್ನ ಕೇರಿಗೇ ಮರಳಿದ. ಮನೆಯವರೇ ಅವನ ಜೊತೆ ಊಟ, ನೀರು, ಒಡನಾಟ ಬಿಟ್ಟರು. ನಮ್ಮನ್ನು ಕೇಳದೆ ಧರ್ಮ ಬಿಟ್ಟೆ, ಇರುವ ಇನ್ನೊಂದು ಕಾಲೂ ಮುರಿಯಲಿ ಅಂತ ಅತ್ತಿಗೆ ಶಪಿಸಿದಳು. ಅವನು ಹೊರಟುಹೋಗಲಿಲ್ಲ. ಆಗಸ್ಟ್‌ನಲ್ಲಿ ಹೆಂಡತಿ, ಮಗಳು, ಇಬ್ಬರು ನೆರೆಯವರನ್ನು ಕರೆದುಕೊಂಡು ಸುಮಾರು ಮೂವತ್ತು ಮೈಲಿ ನಡೆದು ಸಿಯಾಲ್‌ಕೋಟಿಗೆ ಬಂದ. ಅವರಿಗೆ ಕಲಿಸಿದವನು ಅವನೇ. 1874ರ ಫೆಬ್ರವರಿಯಲ್ಲಿ ಮತ್ತೆ ನಾಲ್ವರು ಬಂದರು. ಚರ್ಮ ಕೊಳ್ಳಲು ಹಳ್ಳಿ ಹಳ್ಳಿ ತಿರುಗುತ್ತಿದ್ದವನು ತಿರುಗಿದ ಕಡೆಯೆಲ್ಲ ತನ್ನ ಜನರೊಂದಿಗೆ ಮಾತಾಡಿದ. ಯಾವ ಕಸುಬು ಅವನನ್ನು ಊರಾಚೆ ಇಟ್ಟಿತ್ತೋ ಅದೇ ಅವನನ್ನು ಕೇರಿಯಿಂದ ಕೇರಿಗೆ ಕರೆದೊಯ್ಯಿತು. ಹೊಟ್ಟೆಪಾಡಿಗೆ ಅವನು ನೆಚ್ಚಿದ್ದು ಈ ಚರ್ಮವನ್ನೇ. ಅನ್ನಕ್ಕಾಗಿ ಮತಾಂತರ ಅನ್ನುವವರು ಇದನ್ನು ಗಮನಿಸಬೇಕು.

1881ರ ಜನಗಣತಿಯಲ್ಲಿ ಪಂಜಾಬಿನ ಭಾರತೀಯ ಕ್ರೈಸ್ತರು ನಾಲ್ಕು ಸಾವಿರ ಮುಟ್ಟಿರಲಿಲ್ಲ. 1931ರಲ್ಲಿ ಹೆಚ್ಚುಕಡಿಮೆ ನಾಲ್ಕು ಲಕ್ಷ. 1915ರ ಹೊತ್ತಿಗೆ ಸಿಯಾಲ್‌ಕೋಟ್ ಜಿಲ್ಲೆಯ ಬಹುಪಾಲು ಚೂಹ್ರರು ಕ್ರೈಸ್ತರಾಗಿದ್ದರು. ಇದನ್ನು ಮಿಷನ್ನಿನ ಸಾಧನೆ ಅಂತ ಬರೆಯುವ ರೂಢಿಯನ್ನು ಪ್ರಶ್ನಿಸಿದವನು ಇತಿಹಾಸಕಾರ ಜಾನ್ ವೆಬ್‌ಸ್ಟರ್. ದಲಿತ ಚಳವಳಿಯ ಆರಂಭವನ್ನೇ ಅವನು ಇಂಥ ಸಾಮೂಹಿಕ ಮತಾಂತರಗಳಲ್ಲಿ ಗುರುತಿಸಿದ. ಚಳವಳಿ ಶುರು ಮಾಡಿದವರು ದಲಿತರು. ಮಿಷನರಿಗಳು ಅದರ ಹಿಂದೆ ಓಡಿದರು.

ಹಾಗಂತ ಇಲ್ಲಿಗೆ ಜೈಕಾರ ಹಾಕಿ ಮುಗಿಸಲಾಗದು. ಮಿಷನ್ನುಗಳ ಶಾಲೆ, ಆಸ್ಪತ್ರೆಗಳ ಸೇವೆಯಲ್ಲಿ ದೊಡ್ಡ ಪಾಲು ಉಂಡವರು ಮೇಲ್ಜಾತಿಯವರು, ಮತಾಂತರಗೊಂಡ ಅಸ್ಪೃಶ್ಯನ ಸಾಮಾಜಿಕ ಸ್ಥಿತಿಗಾಗಿ ಅವು ಹೋರಾಡಲಿಲ್ಲ ಅಂತ ಅಂಬೇಡ್ಕರ್ ಕಟುವಾಗಿ ಬರೆದರು. ಆ ಮಾತು ಸುಳ್ಳಾಗಿಲ್ಲ. ದಕ್ಷಿಣದ ಎಷ್ಟೋ ಚರ್ಚುಗಳಲ್ಲಿ ಕೂರುವ ಜಾಗ ಬೇರೆ, ಹೂಳುವ ಜಾಗ ಬೇರೆ ಆಯಿತು. 1947ರಲ್ಲಿ ಸಿಯಾಲ್‌ಕೋಟ್ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿನ ನಗರಗಳ ಚರಂಡಿಗೆ ಇಳಿಯುವವರಲ್ಲಿ ಇವತ್ತಿಗೂ ಕ್ರೈಸ್ತರೇ ಹೆಚ್ಚು. ದೇವರು ಬದಲಾದ, ಪೊರಕೆ ಬದಲಾಗಲಿಲ್ಲ. ನಮ್ಮಲ್ಲಿ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ದಲಿತ ಕ್ರೈಸ್ತ, ದಲಿತ ಮುಸ್ಲಿಮರು ಹೊರಗೇ ಇದ್ದಾರೆ. ಊರಿನ ಕಣ್ಣಿಗೆ ಹೊಲೆಯ ಮಾದಿಗ, ಸರ್ಕಾರದ ಕಾಗದದಲ್ಲಿ ಬರೀ ಕ್ರೈಸ್ತ.

ಇಷ್ಟೆಲ್ಲ ಆದಮೇಲೂ ದಿತ್ತ ನನ್ನನ್ನು ಬಿಡುತ್ತಿಲ್ಲ. ಆ ಹುಡುಗನಿಗೆ ನಾನು ಈಗ ಹೇಳಬಹುದಾದ್ದು ಇಷ್ಟೆ: ಮೇಲಿನಿಂದ ಸುರಿಯುವ ಕರುಣೆ ಅವಮಾನವೇ ಹೌದಪ್ಪ. ಬಲವಂತದ ಸೇವೆ ಚಾಕರಿಯೇ. ಆದರೆ ತಲೆತಲಾಂತರದಿಂದ ಊರಿನ ಚಾಕರಿ ಮಾಡಿದ ಜಾತಿಯಲ್ಲಿ ಹುಟ್ಟಿದವನೊಬ್ಬ, ಯಾರೂ ಹೇಳದೆ, ತನ್ನವರಿಗಾಗಿ ಮೂವತ್ತು ಮೈಲಿ ಕುಂಟುತ್ತ ನಡೆದದ್ದನ್ನು ಏನೆಂದು ಕರೆಯೋಣ? ಕ್ರಿಸ್ತನ ಕರುಣೆ ಅನ್ನುವುದನ್ನು ದಿತ್ತ ಹಾಗೆ ಅರ್ಥ ಮಾಡಿಕೊಂಡ. ಅವನ ದೇವರನ್ನು ನಾವು ಒಪ್ಪಬೇಕಾಗಿಲ್ಲ. ನಾನೂ ಒಪ್ಪಿದವನಲ್ಲ.

ಆದರೆ ಅವನು ಮರಳಿದ ದಾರಿಯ ಬಗ್ಗೆ ನಾನು ಉತ್ತರ ಕೊಡಬೇಕಾಗುತ್ತದೆ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಎಂ.ಎ., ಈಗ ಈ ನೌಕರಿ. ನಾನು ಕೇರಿಗೆ ಹೋಗುವುದು ಹಬ್ಬಕ್ಕೆ, ಸಾವಿಗೆ. ಹೋದರೂ ಸಂಜೆಯ ಬಸ್ಸು ಹಿಡಿಯುತ್ತೇನೆ. ದಲಿತ ವಿಮರ್ಶೆ ಅಂತ ನಾವು ಬರೆಯುವುದು ಕೇರಿಯ ಬಗ್ಗೆ, ಓದುವವರು ಪೇಟೆಯವರು. ಹೋದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪುಸ್ತಕ ಹಿಡಿದು ಬಂದು, “ಅಣ್ಣ, ಇದೊಂಚೂರು ಹೇಳ್ಕೊಡ್ತೀಯಾ?” ಅಂದಳು. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ.