ಅಜ್ಜನ ಟಪಾಲು ವಿಮಾನ

ಮುಂಬೈಯ ವಿಲೇಪಾರ್ಲೆಯಲ್ಲಿ ನಾನಿರುವ ಮನೆಯ ಮೇಲೆ ದಿನವೂ ಹೆಲಿಕಾಪ್ಟರ್‌ಗಳು ಹಾದುಹೋಗುತ್ತವೆ. ಕಡಲಲ್ಲಿ ಎಣ್ಣೆ ತೆಗೆಯುವ ಬಾಂಬೆ ಹೈಗೆ ಕೆಲಸಗಾರರನ್ನು ಒಯ್ಯುವಂಥವು. ಬಳ್ಳಾರಿಯಿಂದ ಬಂದಿದ್ದ ಅಪ್ಪ ಒಮ್ಮೆ ಬಾಲ್ಕನಿಯಲ್ಲಿ ನಿಂತು, "ಇವೆಲ್ಲಾ ಎಲ್ಲಿಂದ ಏಳ್ತಾವಪ್ಪಾ?" ಎಂದು ಕೇಳಿದರು. ಜುಹೂದಲ್ಲಿ ಒಂದು ಹಳೆಯ ಸಣ್ಣ ವಿಮಾನ ನಿಲ್ದಾಣವಿದೆ, ಅಲ್ಲಿಂದ ಎಂದೆ. ಅದರಾಚೆ ನನಗೂ ಏನೂ ಗೊತ್ತಿರಲಿಲ್ಲ. ಆಮೇಲೆ ಓದತೊಡಗಿದೆ.

1928ರಲ್ಲಿ ಶುರುವಾದ ಜುಹೂ, ನಮ್ಮ ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣ. ಕಡಲಂಚಿನ ಬಯಲು. ಮಳೆಗಾಲದಲ್ಲಿ ನೆಲವೆಲ್ಲ ನೀರು ನಿಂತು, ಟಾಟಾದವರು ಆ ತಿಂಗಳುಗಳಲ್ಲಿ ಪುಣೆಯಿಂದ ವಿಮಾನ ಹಾರಿಸಬೇಕಾಗುತ್ತಿತ್ತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂಟಿ ಇಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ಜುಹೂ ತಲುಪಿದರು. ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ತಂದಿದ್ದ ಟಪಾಲು ಅವರ ಬಳಿಯಿತ್ತು. ರೇಡಿಯೋ ಇಲ್ಲ; ನೆಲ ನೋಡಿಕೊಂಡೇ ದಾರಿ ಹಿಡಿಯಬೇಕು. ನಮ್ಮ ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ.

ಟಪಾಲು ಮಾತ್ರ ಇಲ್ಲಿಗೆ ನಿಲ್ಲಲಿಲ್ಲ. ಟಾಟಾ ಜೊತೆ ಸೇರಿ ಈ ಯೋಜನೆ ಕಟ್ಟಿದ್ದ ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್, ಇನ್ನೊಂದು ಪುಸ್ ಮಾತ್‌ನಲ್ಲಿ ಅದನ್ನು ಹೇರಿಕೊಂಡು ಜುಹೂದಿಂದ ಮದ್ರಾಸಿಗೆ ಹೊರಟರು. ನಡುವೆ ಇಳಿದದ್ದು ಬಳ್ಳಾರಿಯಲ್ಲಿ! ಇರುಳು ಹಾರುವ ಅನುಕೂಲವಿಲ್ಲದ ಕಾಲ. ರಾತ್ರಿ ಅಲ್ಲೇ ತಂಗಿ ಮರುದಿನ ಮದ್ರಾಸು ಮುಟ್ಟಿದರು. ಆಮೇಲೆ ವಾರಕ್ಕೊಮ್ಮೆ ಟಪಾಲು ಇದೇ ದಾರಿಯಲ್ಲಿ ಹೋಗತೊಡಗಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಜ್ಜ ಹೇಳ್ತಿದ್ದ ಕಣಪ್ಪಾ, ಹುಡುಗ ಇದ್ದಾಗ ಟಪಾಲು ವಿಮಾನ ನೋಡಾಕ ಓಡಿ ಹೋಗಿದ್ದೆ ಅಂತ. ನಾವೆಲ್ಲಾ ನಕ್ಕಿದ್ವಿ. ಬಳ್ಳಾರಿಗೆ ಎಲ್ಲಿ ವಿಮಾನ, ಮುದುಕ ಬುರುಡೆ ಬಿಡ್ತಾನ ಅಂದಿದ್ವಿ" ಎಂದರು.

ಅಜ್ಜ ಕಂಡದ್ದು ಯಾವ ವಾರದ ವಿಮಾನವೋ, ಕೇಳಲು ಅವರಿಲ್ಲ. ಇದ್ದಾಗ ನಾವು ಕೇಳಲಿಲ್ಲ. 1982ರಲ್ಲಿ 78ರ ಹರೆಯದ ಟಾಟಾ ಅದೇ ಕರಾಚಿ ಹಾರಾಟವನ್ನು ಮತ್ತೆ ಮಾಡಿ ಜುಹೂದಲ್ಲಿ ಇಳಿದರು. ಆಗ ಯಾರಾದರೂ ಬಳ್ಳಾರಿಯ ಹೆಸರೆತ್ತಿ, ಆ ಸುದ್ದಿ ನಮ್ಮ ಮನೆಗೂ ಮುಟ್ಟಿದ್ದರೆ, ಅಜ್ಜ ಸುಳ್ಳುಗಾರ ಎನಿಸಿಕೊಳ್ಳುತ್ತಿರಲಿಲ್ಲ.

ಊರಿಗೆ ಹೋದಾಗ ಹಿರಿಯರು ನಂಬಲಾಗದ ಮಾತೊಂದನ್ನು ಹೇಳಿದರೆ ನೀವು ನಗಬೇಡಿ. ಯಾವ ವರ್ಷ, ಯಾವ ಬಯಲು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಲಿಕಾಪ್ಟರಿನ ಸದ್ದಿಗೆ ನಾನೀಗ ಕಿಟಕಿ ಮುಚ್ಚುವುದಿಲ್ಲ.