ಸೈನಿಕನ ಬೆನ್ನು ಮತ್ತು ಸಂಶಯದ ಲಾಭ

ರಣರಂಗದಲ್ಲಿ ಬೆನ್ನು ತೋರಿಸುವುದೆಂದರೆ ಓಡಿಹೋಗುವುದೆಂದೇ ಕನ್ನಡದಲ್ಲಿ ಅರ್ಥ. ಹಾಗೆ ಬೆನ್ನು ತೋರಿಸದೆ ಕಾದಾಡಿ ಊರಿಗೆ ಮರಳಿದ ಸೈನಿಕನು, ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಸರ್ಕಾರದ ವೈದ್ಯರೆದುರು ಅಂಗಿ ಕಳಚಿ ಬೆನ್ನು ತೋರಿಸಬೇಕಾಗುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಾಜಿ ಸೈನಿಕರು ವೈಕಲ್ಯ ವೇತನಕ್ಕಾಗಿ ಸಲ್ಲಿಸಿದ ಮೇಲ್ಮನವಿಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದ್ದು ಬರುವ ಪ್ರಶ್ನೆ ಇದು: ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿ ಯಾರು? ಸಾಕ್ಷಿ ಸಾಲದಾದಾಗ ಸಂಶಯದ ಹೊರೆಯನ್ನು ಹೊರಬೇಕಾದವರು ಯಾರು, ಸೈನಿಕನೋ ಸರ್ಕಾರವೋ?

ಈ ವೇತನದ ಕಟ್ಟಳೆ ಆ ದೇಶದ ಸ್ವಾತಂತ್ರ್ಯದಷ್ಟೇ ಹಳೆಯದು. 1776ರ ಜುಲೈನಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಆಗಸ್ಟ್ ತಿಂಗಳಲ್ಲಿಯೇ, ಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೂ ದುಡಿದು ತಿನ್ನಲಾಗದಷ್ಟು ಜರ್ಝರಿತರಾದವರಿಗೂ ಅರ್ಧ ಸಂಬಳ ಕೊಡತಕ್ಕದ್ದೆಂದು ಅಲ್ಲಿನ ಕಾಂಗ್ರೆಸ್ಸು ನಿರ್ಣಯಿಸಿತು. 1792ರಲ್ಲಿ ಅರ್ಜಿಗಳ ಪರೀಕ್ಷೆಯನ್ನು ನ್ಯಾಯಾಧೀಶರಿಗೆ ವಹಿಸಿ ಒಂದು ಕಾನೂನು ಬಂತು. ಆದರೆ ಅವರ ತೀರ್ಮಾನವನ್ನು ಯುದ್ಧಮಂತ್ರಿ ತಡೆಹಿಡಿಯಬಹುದಾಗಿತ್ತು. ನ್ಯಾಯಸ್ಥಾನದ ತೀರ್ಪನ್ನು ಮಂತ್ರಿಯೊಬ್ಬನು ತಿದ್ದುವುದೆಂದರೇನು ಎಂದು ನ್ಯಾಯಾಧೀಶರು ಆಕ್ಷೇಪಿಸಿದರು. ಮರುವರ್ಷವೇ ಆ ಕಾನೂನನ್ನು ಬದಲಾಯಿಸಬೇಕಾಯಿತು. ನ್ಯಾಯಾಧೀಶರ ಮಾತಿನಲ್ಲಿ ನ್ಯಾಯವಿತ್ತು. ಆದರೂ ಸೈನಿಕನಿಗೂ ನ್ಯಾಯಸ್ಥಾನಕ್ಕೂ ನಡುವೆ ಅಂದು ಎದ್ದ ಗೋಡೆ ಎರಡು ಶತಮಾನಗಳ ಮಟ್ಟಿಗೆ ನಿಂತೇಬಿಟ್ಟಿತು.

ಕೈಯನ್ನೋ ಕಾಲನ್ನೋ ಕಳೆದುಕೊಂಡವನಿಗೆ ಬೇರೆ ಸಾಕ್ಷಿ ಬೇಡ. ಬೆನ್ನಿನ ಮಾತು ಹಾಗಲ್ಲ. ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಮಣಿಗಳ ನಡುವೆ ಮೆತ್ತೆಗಳಂತಿರುವ ಬಿಲ್ಲೆಗಳುಂಟು. ಮಣಭಾರದ ಗಂಟುಮೂಟೆ ಹೊತ್ತು ನಡೆದವನಿಗೆ, ಲಾರಿಯಿಂದ ಧುಮುಕಿದವನಿಗೆ, ಕೊಡೆ ಬಿಚ್ಚಿ ವಿಮಾನದಿಂದ ಇಳಿದವನಿಗೆ ಈ ಬಿಲ್ಲೆಗಳು ಜಜ್ಜಿಹೋಗಬಹುದು. ಇಪ್ಪತ್ತರ ಹರೆಯದ ಹುಡುಗನು ಅಂದು ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೆ ತನ್ನ ದಳ ತನ್ನನ್ನು ಬಿಟ್ಟು ಮುಂದೆ ಸಾಗೀತೆಂಬ ಭಯ. ಸಂಗಾತಿಗಳು ನಗುತ್ತಾರೆಂಬ ನಾಚಿಕೆ. ನೋವು ನುಂಗಿಕೊಂಡು ನಡೆಯುತ್ತಾನೆ. ಐವತ್ತು ವಯಸ್ಸಾಗಿ ಬಗ್ಗಿದ ಬೆನ್ನು ಏಳದಾದಾಗ ಅರ್ಜಿ ಹಾಕುತ್ತಾನೆ. ಆಗ ಕಚೇರಿಯವರು, ‘ಸೇವಾವಧಿಯ ಕಾಗದಗಳಲ್ಲಿ ಇದರ ಉಲ್ಲೇಖವಿಲ್ಲ, ವಯಸ್ಸಾದವರಿಗೆಲ್ಲ ಬೆನ್ನು ಸವೆಯುವುದು ಸಹಜ’ ಎನ್ನುತ್ತಾರೆ. ಅವರ ಮಾತನ್ನು ಸುಳ್ಳೆನ್ನುವಂತಿಲ್ಲ. ಸೈನ್ಯದ ಮುಖವನ್ನೇ ಕಾಣದವರ ಬೆನ್ನೂ ಸವೆಯುತ್ತದೆ. ತೊಡಕಿರುವುದು ಇಲ್ಲಿಯೇ.

ಇಂಥ ನಿರಾಕರಣೆಯ ಮೇಲೆ ಅಪೀಲು ಹೋಗಲು 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯಿಂದ ಮಾಜಿ ಸೈನಿಕರ ಮೇಲ್ಮನವಿ ಮಂಡಲಿಯೊಂದು ಸ್ಥಾಪಿತವಾಯಿತು. ಅದೇ ವರ್ಷದ ಮಿತವ್ಯಯ ಶಾಸನವಾದರೋ ನ್ಯಾಯಸ್ಥಾನದ ಬಾಗಿಲನ್ನು ಮುಚ್ಚಿತು. ಮಂಡಲಿ ಇಲ್ಲವೆಂದರೆ ಇಲ್ಲ, ಅಲ್ಲಿಗೆ ಮುಗಿಯಿತು. ವಕೀಲರ ನೆರವೂ ದುರ್ಲಭ. ಅಂತರ್ಯುದ್ಧದ ಕಾಲದಲ್ಲಿ ದಲ್ಲಾಳಿಗಳು ಗಾಯಾಳುಗಳನ್ನು ಸುಲಿಯುತ್ತಿದ್ದರೆಂದು, ಇಂಥ ಅರ್ಜಿಗೆ ಹತ್ತು ಡಾಲರಿಗಿಂತ ಹೆಚ್ಚು ಶುಲ್ಕ ಪಡೆಯಕೂಡದೆಂದು 1864ರಲ್ಲಿ ವಿಧಿಸಿದ್ದರು. ನೂರಿಪ್ಪತ್ತು ವರ್ಷ ಕಳೆದರೂ ಆ ಹತ್ತು ಡಾಲರು ಹತ್ತಾಗಿಯೇ ಉಳಿಯಿತು. ರಕ್ಷಣೆಗೆಂದು ಕಟ್ಟಿದ ಬೇಲಿ ಹೊಲದವನನ್ನೇ ಹೊರಗಿಟ್ಟಿತು.

ಇಷ್ಟು ಸಾಲದೆಂಬಂತೆ 1973ರ ಜುಲೈ 12ರಂದು ಸೇಂಟ್ ಲೂಯಿ ನಗರದ ಬಳಿಯ ದಾಖಲೆ ಭಂಡಾರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೈನಿಕರ ಕಡತಗಳು ಸುಟ್ಟುಹೋದವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೈನ್ಯದಿಂದ ಬಿಡುಗಡೆ ಹೊಂದಿದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಉಳಿಯಲಿಲ್ಲ. ಎರಡು ಮಹಾಯುದ್ಧಗಳೂ ಕೊರಿಯಾ ಯುದ್ಧವೂ ಈ ಅವಧಿಗೇ ಸೇರಿದವು. ಅಕ್ಷರಗಳಿಗೆ ನಕಲು ಪ್ರತಿಯೂ ಇರಲಿಲ್ಲ. ಬೆನ್ನು ನೋಯುತ್ತದೆಂದು ಎಂದೋ ಒಮ್ಮೆ ಪಾಳೆಯದ ವೈದ್ಯನಿಗೆ ಹೇಳಿ ಬರೆಸಿಕೊಂಡಿದ್ದವನ ಆ ಒಂದು ಸಾಲೂ ಬೂದಿಯಾಯಿತು.

ನ್ಯಾಯಸ್ಥಾನದ ಬಾಗಿಲು ತೆರೆದದ್ದು 1988ರಲ್ಲಿ. ಆ ವರ್ಷದ ಶಾಸನದಂತೆ ಮಾಜಿ ಸೈನಿಕರ ಮೇಲ್ಮನವಿಗೆಂದೇ ಪ್ರತ್ಯೇಕ ನ್ಯಾಯಸ್ಥಾನವೇರ್ಪಟ್ಟಿತು. ಅದರ ಆರಂಭದ ದಿನಗಳ ಅತಿ ಮುಖ್ಯ ತೀರ್ಪು, 1990ರ ಅಕ್ಟೋಬರ್ 12ರದು, ಬೆನ್ನಿನ ಮೊಕದ್ದಮೆಯಲ್ಲಿಯೇ ಬಂತೆಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದಲ್ಲಿ ದುಡಿದ ಸೈನಿಕನೊಬ್ಬನ ಮನವಿಯನ್ನು ಮಂಡಲಿ ತಳ್ಳಿಹಾಕಿತ್ತು. ಏಕೆ ತಳ್ಳಿದಿರೆಂಬುದಕ್ಕೆ ತಕ್ಕ ಕಾರಣ ಬರೆಯಿರೆಂದು ನ್ಯಾಯಸ್ಥಾನ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. ಸಂಶಯದ ಲಾಭವೆಂದರೇನೆಂಬುದನ್ನೂ ವಿವರಿಸಿತು. ಸೈನಿಕನು ತನ್ನ ಪಕ್ಷವೇ ನಿಜವೆಂದು ಪೂರ್ತಿ ಸಾಧಿಸಬೇಕಾಗಿಲ್ಲ. ಎರಡು ತಟ್ಟೆಗಳೂ ಹೆಚ್ಚುಕಡಿಮೆ ಸಮನಾಗಿ ನಿಂತರೆ ಜಯ ಅವನದು. ನ್ಯಾಯಾಧೀಶರು ಕೊಟ್ಟ ಉಪಮೆ ಬೇಸ್‌ಬಾಲ್ ಆಟದ್ದು: ಚೆಂಡೂ ಓಟಗಾರನೂ ಏಕಕಾಲಕ್ಕೆ ಗುರಿ ಮುಟ್ಟಿದರೆ ಓಟಗಾರನು ಗೆದ್ದಂತೆ. ನಮ್ಮ ಶ್ರೋತೃಗಳಿಗೆ ಕ್ರಿಕೆಟ್ಟಿನ ಉಪಮೆ ಹತ್ತಿರವಾದೀತು. ಅಂಪೈರನಿಗೆ ಅನುಮಾನ ಬಂದರೆ ಬ್ಯಾಟುಗಾರನು ಉಳಿಯುತ್ತಾನಲ್ಲವೆ?

ಸೇವೆಗೂ ನೋವಿಗೂ ನಂಟುಂಟೆಂದು ಒಪ್ಪಿದ ಮೇಲೆ ಎಷ್ಟು ನೋವೆಂಬ ಲೆಕ್ಕ. 1945ರ ಪಟ್ಟಿಯಲ್ಲಿ ಅಲ್ಪ, ಮಧ್ಯಮ, ತೀವ್ರ ಎಂಬ ಮಾತುಗಳಿದ್ದವು. ಒಬ್ಬ ಅಧಿಕಾರಿಯ ಅಲ್ಪ ಇನ್ನೊಬ್ಬನಿಗೆ ತೀವ್ರವಾಗಬಹುದು. 2003ರಲ್ಲಿ ಇದನ್ನು ಬಿಟ್ಟು ಕೋನಮಾಪಕವನ್ನು ತಂದರು. ನಡುವನ್ನು 90 ಡಿಗ್ರಿ ಬಗ್ಗಿಸಬಲ್ಲವನು ಸ್ವಸ್ಥನು. 60ರ ಮೇಲೆ 85ರೊಳಗೆ ನಿಂತರೆ ಶೇಕಡಾ 10 ವೈಕಲ್ಯ, 30ರ ಮೇಲೆ 60ರೊಳಗಾದರೆ 20, 30ನ್ನೂ ದಾಟದಿದ್ದರೆ 40. ಅಳತೆ ಖಚಿತವಾಯಿತು, ನಿಜ. ಆದರೆ ಬೆನ್ನುನೋವು ಅಳತೆಯ ದಿನವನ್ನು ಕೇಳಿಕೊಂಡು ಬರುತ್ತದೆಯೆ? ಪರೀಕ್ಷೆಯ ಬೆಳಿಗ್ಗೆ ಸಲೀಸಾಗಿ ಬಗ್ಗಿದವನು ಮರುವಾರ ಹಾಸಿಗೆಯಿಂದ ಏಳಲಾರ. ನೋವು ಕೆರಳಿದ ದಿನಗಳಲ್ಲಿ ಹೇಗಿರುತ್ತದೆಂದು ವೈದ್ಯನು ಕೇಳಿ ತಿಳಿದು ಅಂದಾಜು ಮಾಡಬೇಕೆಂದು 2017ರ ತೀರ್ಪೊಂದು ಹೇಳಿತು. ರೋಗದ ಹೆಸರು ಗೊತ್ತಾಗದಿದ್ದರೂ ದೇಹದ ಕೆಲಸವನ್ನು ಕುಗ್ಗಿಸುವ ನೋವೇ ವೈಕಲ್ಯವಾಗಬಹುದೆಂದು 2018ರಲ್ಲಿ ಮೇಲಿನ ನ್ಯಾಯಸ್ಥಾನ ಒಪ್ಪಿತು. ಆ ಮೊಕದ್ದಮೆ ಮೊಣಕಾಲಿನದು. ಅದರ ಫಲ ಬೆನ್ನಿಗೂ ಸಂದಿತು.

2019ರ ಫೆಬ್ರುವರಿಯಿಂದ ಅಲ್ಲಿ ಅಪೀಲಿಗೆ ಮೂರು ದಾರಿಗಳಾಗಿವೆ: ಹಿರಿಯ ಪರಿಶೀಲಕನ ಬಳಿಗೆ ಹೋಗಬಹುದು, ನೇರವಾಗಿ ಮಂಡಲಿಗೇ ಹೋಗಬಹುದು, ಇಲ್ಲವೆ ಹೊಸ ಸಾಕ್ಷ್ಯ ತಂದು ಕೆಳಗಿನ ಕಚೇರಿಯಲ್ಲಿಯೇ ಮತ್ತೆ ಕೇಳಬಹುದು. ಹಳೆಯ ದಿನಾಂಕದಿಂದಲೇ ವೇತನ ಬೇಕಾದರೆ ವರ್ಷದೊಳಗೆ ಹೊರಡಬೇಕು. ಕಡತ ಸುಟ್ಟುಹೋದವರು ಹೆಚ್ಚಾಗಿ ನೆಚ್ಚುವುದು ಮೂರನೆಯ ದಾರಿಯನ್ನು. ಅವರು ತರುವ ಸಾಕ್ಷ್ಯ ಹಲವು ವೇಳೆ ಒಂದು ಕಾಗದ: ಅಂದು ಅದೇ ಲಾರಿಯಲ್ಲಿದ್ದು, ಇವನು ಬಿದ್ದುದನ್ನು ಕಂಡು, ಕೈಹಿಡಿದು ಎಬ್ಬಿಸಿದ ಸಂಗಾತಿಯದು.